ಎಷ್ಟು ಕಳೆದುಕೊಳ್ಳಲು ಸಿದ್ಧ? ಸ್ವಂತ ಉದ್ಯಮದ ಪ್ರಶ್ನೋತ್ತರ

ಸ್ವಂತದ್ದೇನಾದರೂ ಶುರು ಮಾಡಬೇಕೆಂದಿರುವ ಯುವಕ–ಯುವತಿಯರು, ಅವರ ಮನೆಯವರು, ಮೇಷ್ಟ್ರು ಬರೆದ ಪತ್ರಗಳಿಂದ ಆರಿಸಿದ ಪ್ರಶ್ನೆಗಳಿವು. ಹೆಸರು ಬೇಡ ಎಂದು ಹಲವರು ಕೇಳಿದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ. ಉತ್ತರಗಳಲ್ಲಿ ಬರುವ ಸರಕಿನ ದರ, ಬಾಡಿಗೆ, ಕೂಲಿಗಳು ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಊರಿನ ದರ ಹಾಕಿ ಲೆಕ್ಕವನ್ನು ಇನ್ನೊಮ್ಮೆ ಮಾಡಿಕೊಳ್ಳಿ.

ಪ್ರಶ್ನೆ: ನನಗೆ 26 ವರ್ಷ, ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 24 ಸಾವಿರ ಸಂಬಳ. ಊರಿಗೆ ಬಂದು ಮರದ ಗಾಣ ಹಾಕಿ ಶೇಂಗಾ ಎಣ್ಣೆ ಮಾರುವ ಆಸೆ. ಮೂರು ಲಕ್ಷ ಉಳಿಸಿದ್ದೇನೆ. ‘ಇದ್ದ ನೌಕರಿ ಬಿಟ್ಟು ಗಾಣದ ಎತ್ತು ಆಗ್ತೀ ಏನು?’ ಅಂತಾರೆ ಅಪ್ಪ. ಕೆಲಸ ಬಿಡಲು ಕೈಯಲ್ಲಿ ಎಷ್ಟು ಹಣ ಇರಬೇಕು?
— ರಾಣೆಬೆನ್ನೂರು ತಾಲ್ಲೂಕು

ಉತ್ತರ: ಕೆಲಸ ಈಗಲೇ ಬಿಡಬೇಡಿ. ಗಾಣವನ್ನೂ ಈಗಲೇ ಕೊಳ್ಳಬೇಡಿ. ಎಣ್ಣೆ ಮಾರುವುದನ್ನು ಮಾತ್ರ ಈಗಲೇ ಶುರು ಮಾಡಿ.

ಚೆನ್ನಾಗಿ ಒಣಗಿದ, ಆರಿಸಿದ ಶೇಂಗಾ ಬೀಜ 100 ಕಿಲೊ ಅರೆದರೆ ಮರದ ಗಾಣದಲ್ಲಿ ಸುಮಾರು 40 ಕಿಲೊ ಎಣ್ಣೆ ಇಳಿಯುತ್ತದೆ, ಅಂದರೆ 44 ಲೀಟರಿನಷ್ಟು. ಹಿಂಡಿ 56–57 ಕಿಲೊ ಉಳಿಯುತ್ತದೆ. ಬೀಜ ಕಿಲೊಗೆ 120 ರೂಪಾಯಿ ಹಿಡಿದರೆ 12,000 ಖರ್ಚು. ಹಿಂಡಿ 40ರಂತೆ ಹೋದರೆ 2,250 ವಾಪಸ್. ಉಳಿದದ್ದನ್ನು 44 ಲೀಟರಿಗೆ ಹಂಚಿ ನೋಡಿ: ಬರೀ ಬೀಜಕ್ಕೇ ಲೀಟರಿಗೆ 220 ದಾಟಿತು. ಬಾಟಲಿ, ಲೇಬಲ್, ಕರೆಂಟು, ಸೋರಿದ್ದು–ಚೆಲ್ಲಿದ್ದು ಎಲ್ಲ ಸೇರಿ 250. ಮನೆಮನೆಗೆ 320ಕ್ಕೆ ಕೊಟ್ಟರೆ ನಿಮಗೆ 70 ಉಳಿಯುತ್ತದೆ. ಅಂಗಡಿಗೆ ಹಾಕಿದರೆ ಶೇ 15 ಕಮಿಷನ್ನಿಗೇ 48 ಹೋಗಿ 22 ಉಳಿಯುತ್ತದೆ, ಅದೂ ತಿಂಗಳ ಉದ್ದರಿ ಮೇಲೆ. ಹಾಗಾಗಿ ಮೊದಲ ವರ್ಷ ಅಂಗಡಿಗಳ ಹಿಂದೆ ಬೀಳಬೇಡಿ.

ಇನ್ನು ಎಣ್ಣೆ ಮಾರಲಿ ಬಿಡಲಿ ತಿಂಗಳು ತಿಂಗಳು ಹೋಗುವ ಖರ್ಚು: ಶೆಡ್ ಬಾಡಿಗೆ 6,000, ಒಬ್ಬ ಆಳಿಗೆ 14,000, ಮೀಟರ್–ಪೆಟ್ರೋಲ್–ಫೋನಿಗೆ 5,000, ನಿಮ್ಮ ಮನೆಗೆ 15,000. ಒಟ್ಟು 40,000. ಲೀಟರಿಗೆ 70ರಂತೆ ಇದನ್ನು ದುಡಿಯಲು ಸುಮಾರು 570 ಲೀಟರ್ ಮಾರಬೇಕು. ತಿಂಗಳಿಗೆ ಎರಡು ಲೀಟರ್ ಕೊಳ್ಳುವ ಮನೆಗಳು 285 ಬೇಕು ಎಂದಾಯಿತು. ‘ಕೆಮಿಕಲ್ ಇಲ್ಲದ ಎಣ್ಣೆ ಸಿಕ್ಕರೆ ಎಲ್ಲರೂ ತಗೊಳ್ತಾರೆ’ ಎನ್ನುವ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ರಾಣೆಬೆನ್ನೂರು, ಹಾವೇರಿ, ದಾವಣಗೆರೆಯಲ್ಲಿ ಆ 285 ಮನೆ ಯಾವುವು ಎಂಬುದಷ್ಟೇ ಪ್ರಶ್ನೆ.

ಅದನ್ನು ಗಾಣ ಇಲ್ಲದೆಯೇ ಪರೀಕ್ಷಿಸಬಹುದು. ಹತ್ತಿರದಲ್ಲಿ ಗಾಣ ಇರುವವರಲ್ಲಿ ಕೂಲಿಗೆ ಅರೆಸಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಬಾಟಲಿ ಮೇಲೆ ಆ ಸಂಖ್ಯೆ, ತಯಾರಿಸಿದ ದಿನ, ಪ್ರಮಾಣ, ಬೆಲೆ ಹಾಕಿ. ಎರಡು ವಾರಕ್ಕೊಮ್ಮೆ 50 ಕಿಲೊ ಬೀಜ, ಅಂದರೆ 22 ಲೀಟರ್. ಮೂರು ತಿಂಗಳು ಹೀಗೆ ಮಾಡಿ. ಈ ಪರೀಕ್ಷೆಗೆ 40,000 ರೂಪಾಯಿಗಿಂತ ಒಂದು ಪೈಸೆಯೂ ಹೆಚ್ಚು ಹಾಕುವುದಿಲ್ಲ ಎಂದು ಮೊದಲೇ ಬರೆದಿಡಿ. ಮೊದಲ ಬಾಟಲಿ ಹೋದದ್ದಕ್ಕೆ ಬೆಲೆ ಕೊಡಬೇಡಿ, ಮುಲಾಜಿಗೆ ಎಲ್ಲರೂ ಒಂದು ಕೊಳ್ಳುತ್ತಾರೆ. ನೀವು ಫೋನ್ ಮಾಡದೆಯೇ ಮೂರನೇ ಬಾಟಲಿ ಕೇಳಿದವರನ್ನು ಎಣಿಸಿ, ಅದರಲ್ಲಿ ನೆಂಟರನ್ನು ಕಳೆಯಿರಿ. ಅರ್ಧದಷ್ಟು ಮನೆಯವರು ಹಾಗೆ ಕೇಳಿದರೆ ಮುಂದುವರಿಯಿರಿ. ದರ ಇಳಿಸಿದ ಮೇಲಷ್ಟೇ ಕೇಳಿದರೆ ನಿಲ್ಲಿಸಿ.

ಈ ಕಸುಬು ಕೆಡುವುದು ಹೆಚ್ಚಾಗಿ ಯಂತ್ರದಿಂದಲ್ಲ, ಬೀಜದ ದುಡ್ಡಿನಿಂದ. 570 ಲೀಟರಿಗೆ ತಿಂಗಳಿಗೆ 1,300 ಕಿಲೊ ಬೀಜ ಬೇಕು. ಮುಂಗಾರು ಬೆಳೆ ಮಾರುಕಟ್ಟೆಗೆ ಬರುವ ಅಕ್ಟೋಬರ್–ನವೆಂಬರಿನಲ್ಲಿ ದರ ಇಳಿದಿರುತ್ತದೆ. ಆಗ ಮೂರು ತಿಂಗಳಿನದ್ದು ಕೊಂಡಿಡಲು ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ ಹೋಗುತ್ತದೆ. ಗಾಣಕ್ಕೆ ಎರಡು ಲಕ್ಷದ ಆಚೀಚೆ ಆದರೆ ಬೀಜಕ್ಕೆ ಅದರ ಎರಡರಷ್ಟು. ಯೋಜನಾ ವರದಿ ಬರೆದುಕೊಡುವವರು ಯಂತ್ರದ ಕೊಟೇಶನ್ ನೀಟಾಗಿ ಲಗತ್ತಿಸಿ ದುಡಿಯುವ ಬಂಡವಾಳಕ್ಕೆ 50 ಸಾವಿರ ಎಂದು ಗೀಚಿಬಿಡುತ್ತಾರೆ. ಆರನೇ ತಿಂಗಳಿಗೆ ಗಾಣ ಇರುತ್ತದೆ, ಅರೆಯಲು ಬೀಜ ಇರುವುದಿಲ್ಲ.

ಉಳಿದ ಎಚ್ಚರಿಕೆಗಳು: ತೇವ ಉಳಿದ ಬೀಜದಲ್ಲಿ ಎಣ್ಣೆ ಕಡಿಮೆ. ಬೂಷ್ಟು ಹಿಡಿದ ಬೀಜ ಅಗ್ಗಕ್ಕೆ ಸಿಕ್ಕರೂ ಬೇಡ, ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅರೆದ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ ಮೂರು–ನಾಲ್ಕು ದಿನ ತಿಳಿಯಾಗಲು ಬಿಟ್ಟು ಮೇಲಿನದ್ದನ್ನಷ್ಟೇ ಬಾಟಲಿಗೆ ತುಂಬಿ. ಗಸಿ ಒಳಹೋದರೆ ಬೇಗ ಕಮಟು ವಾಸನೆ ಬರುತ್ತದೆ, ಕಾಯಿಸಿದಾಗ ನೊರೆ ಏಳುತ್ತದೆ, ಆ ಮನೆ ಮತ್ತೆ ನಿಮ್ಮ ಕಡೆ ಬರುವುದಿಲ್ಲ. ಗಾಣವನ್ನು ಹೊಲದ ಮನೆಯಲ್ಲಿ ಹಾಕುವ ವಿಚಾರವಿದ್ದರೆ ಬಿಡಿ. ಪಂಪ್‌ಸೆಟ್ ಫೀಡರಿನಲ್ಲಿ ತ್ರೀಫೇಸ್ ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ ಬರುತ್ತದೆ, ಅದರಲ್ಲೂ ಒಂದಷ್ಟು ರಾತ್ರಿ. ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಲೈನ್ ಇರುವ ಊರೊಳಗಿನ ಶೆಡ್ಡೇ ಸರಿ, ಬಾಡಿಗೆ ಹೆಚ್ಚಾದರೂ.

ನಿಮ್ಮ ಮೂರು ಲಕ್ಷದಲ್ಲಿ ಆರು ತಿಂಗಳ ಮನೆಖರ್ಚು 90,000 ಬೇರೆ ಖಾತೆಗೆ ಹಾಕಿ, ಅದನ್ನು ಮುಟ್ಟುವಂತಿಲ್ಲ. 40,000 ಪರೀಕ್ಷೆಗೆ. ಉಳಿದ 1,70,000 ಸಾಲಕ್ಕೆ ನಿಮ್ಮ ಪಾಲಿನ ಹಣವಾಗುತ್ತದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದಿಂದ ಶೇ 35 ಸಹಾಯಧನವಿದ್ದು, ಕರ್ನಾಟಕ ಅದರ ಮೇಲೆ ಶೇ 15 ಸೇರಿಸಿತ್ತು. ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಹಾವೇರಿಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಪರೀಕ್ಷೆ ಗೆದ್ದು, ಬೀಜದ ಹಣಕ್ಕೆ ದಾರಿಯಾದ ದಿನ ರಾಜೀನಾಮೆ ಕೊಡಿ. ನಿಮ್ಮ ತಂದೆಗೆ ಈ ಹಾಳೆಯನ್ನೇ ತೋರಿಸಿ. ಅವರಿಗೆ ಗಾಣ ಕಂಡರೆ ಭಯವಿಲ್ಲ, ಲೆಕ್ಕ ಕಾಣದೆ ಭಯ.

ಪ್ರಶ್ನೆ: ಮಗ ಬಿ.ಇ. ಮುಗಿಸಿ ಎರಡು ವರ್ಷ ಕೆಲಸ ಮಾಡಿದ. ಈಗ ಡ್ರೋನ್ ಕೊಂಡು ರೈತರ ಹೊಲಕ್ಕೆ ಔಷಧಿ ಸಿಂಪಡಿಸುವ ವ್ಯವಹಾರ ಮಾಡುತ್ತೇನೆ ಎನ್ನುತ್ತಾನೆ. 12 ಲಕ್ಷ ಸಾಲಕ್ಕೆ ನಮ್ಮ ಎರಡು ಎಕರೆ ತೆಂಗಿನ ತೋಟ ಅಡಮಾನ ಇಡಬೇಕಂತೆ. ಅವನ ಹುಮ್ಮಸ್ಸು ಮುರಿಯಲು ಮನಸ್ಸಿಲ್ಲ, ತೋಟವೂ ಹೋಗಬಾರದು.
— ಚನ್ನರಾಯಪಟ್ಟಣ

ಉತ್ತರ: ಎರಡೂ ಉಳಿಯುವ ದಾರಿ ಇದೆ. ತೋಟ ಇಡಬೇಡಿ, ಸಾಲದ ಮೊತ್ತ ಇಳಿಸಿ.

ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕಂತೂ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಮುದ್ರಾ ಯೋಜನೆಯ ‘ತರುಣ್’ ವರ್ಗದಲ್ಲಿ 5ರಿಂದ 10 ಲಕ್ಷ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಸಾಲಕ್ಕೆ ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ಸಿಡ್ಬಿ 2000ನೇ ಇಸವಿಯಲ್ಲಿ ಕಟ್ಟಿದ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಇದೆ. ವರ್ಷಕ್ಕೆ ಇಷ್ಟೆಂದು ಶುಲ್ಕ ಕಟ್ಟಿದರೆ ಬ್ಯಾಂಕಿಗೆ ಅದೇ ಭದ್ರತೆ. ಅರ್ಜಿಯಲ್ಲಿ ‘ಸಿಜಿಟಿಎಂಎಸ್‌ಇ ಅಡಿ ಪರಿಗಣಿಸಬೇಕು’ ಎಂದು ಬರೆದುಕೊಡಲಿ. ಆಗುವುದಿಲ್ಲ ಎಂದರೆ ಕಾರಣವನ್ನೂ ಬರಹದಲ್ಲೇ ಕೇಳಲಿ. ಬಾಯಿಮಾತಿನ ‘ಇಲ್ಲ’ ಎಷ್ಟೋ ಸಲ ಬರಹಕ್ಕೆ ಬರುವಾಗ ‘ನೋಡೋಣ’ ಆಗುತ್ತದೆ.

ನಿಮ್ಮ ಸಹಿಯ ವಿಚಾರ. ಜಾಮೀನುದಾರ ಎಂದು ಸಹಿ ಹಾಕಿದರೆ 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ನಿಮ್ಮ ಹೊಣೆ ಮಗನಷ್ಟೇ. ಅವನ ಬಳಿ ವಸೂಲಾಗದಿದ್ದರೆ ಮಾತ್ರ ನಿಮ್ಮ ಬಳಿ ಬರುತ್ತಾರೆಂಬುದು ತಪ್ಪು ತಿಳಿವಳಿಕೆ, ನೇರ ನಿಮ್ಮ ಬಳಿಗೇ ಬರಬಹುದು. ಕೃಷಿ ಜಮೀನನ್ನು ಬ್ಯಾಂಕು ಮುಟ್ಟುವಂತಿಲ್ಲ ಎಂಬ ಮಾತೂ ಊರಲ್ಲಿ ಓಡಾಡುತ್ತದೆ. ಸರ್ಫೇಸಿ ಕಾಯ್ದೆಯಡಿ ಕೋರ್ಟಿಗೆ ಹೋಗದೆ ಹರಾಜು ಹಾಕುವ ಅಧಿಕಾರ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಅಷ್ಟು ನಿಜ. ಅಡಮಾನ ಬರೆದುಕೊಟ್ಟ ಮೇಲೆ ದಾವೆ ಹೂಡಿ ವಸೂಲು ಮಾಡಲು ಅಡ್ಡಿಯೇನಿಲ್ಲ.

ವ್ಯವಹಾರದ ಬಗ್ಗೆಯೂ ಒಂದು ಮಾತು. ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಎಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ, ಆದರೆ ಒಂದು ಜೊತೆ ಬ್ಯಾಟರಿ ಒಂದು–ಒಂದೂವರೆ ಎಕರೆಗೆ ಖಾಲಿ. ದಿನವಿಡೀ ಓಡಿಸಲು ನಾಲ್ಕೈದು ಜೊತೆ ಬ್ಯಾಟರಿ, ಹೊಲದಲ್ಲೇ ಚಾರ್ಜ್ ಮಾಡಲು ಜನರೇಟರ್, ಸಾಗಿಸಲು ವಾಹನ ಬೇಕು. ಬ್ಯಾಟರಿಗಳ ಆಯಸ್ಸು ಕೆಲವು ನೂರು ಚಾರ್ಜ್ ಅಷ್ಟೇ, ಅದನ್ನು ಬದಲಿಸುವ ಹಣ ಲೆಕ್ಕದಲ್ಲಿರಲಿ. ಹಾರಿಸುವವನಿಗೆ 2021ರ ಡ್ರೋನ್ ನಿಯಮಗಳಡಿ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ನಿಮ್ಮ ಹಾಸನದ ಕಡೆ ಆಲೂಗಡ್ಡೆಗೆ ಅಂಗಮಾರಿ ಬಂದಾಗ ಎಲ್ಲ ರೈತರಿಗೂ ಔಷಧಿ ಒಂದೇ ವಾರ ಬೇಕು, ಆ ವಾರವೇ ಮಳೆ ಹಿಡಿದುಕೊಂಡಿರುತ್ತದೆ. ಮಿಕ್ಕ ತಿಂಗಳು ಯಂತ್ರ ಕೋಣೆಯಲ್ಲಿ, ಕಂತು ಮಾತ್ರ ತಪ್ಪುವುದಿಲ್ಲ. ವರ್ಷಕ್ಕೆ ಎಷ್ಟು ದಿನ ಹಾರುತ್ತದೆ ಎಂಬುದನ್ನು ಮಗ ಬೆಳೆವಾರು ಬರೆದು ತೋರಿಸಲಿ. ಪ್ರಮಾಣಪತ್ರ ಪಡೆದು, ಈಗಾಗಲೇ ಡ್ರೋನ್ ಇಟ್ಟುಕೊಂಡವರ ಬಳಿ ಒಂದು ಹಂಗಾಮು ಪೈಲಟ್ ಆಗಿ ದುಡಿದರೆ ಇನ್ನೂ ಒಳ್ಳೆಯದು.

ಮನೆಯಿಂದ ಕೊಡುವುದಾದರೆ ‘ಎರಡು ಲಕ್ಷ, ಒಂದೇ ಸಲ’ ಎಂದು ಇಬ್ಬರೂ ಸಹಿ ಮಾಡಿದ ಚೀಟಿ ಇರಲಿ. ಮೊದಲ ಹಣದಿಂದ ಮನೆಗಳು ಮುಳುಗುವುದು ಕಡಿಮೆ. ‘ಇನ್ನೆರಡು ಲಕ್ಷ ಹಾಕಿದರೆ ಎಲ್ಲ ಸರಿಹೋಗುತ್ತೆ’ ಎಂದು ಎರಡನೇ ವರ್ಷ ಕೊಡುವ ಹಣವೇ ಮುಳುಗಿಸುವುದು.

ಪ್ರಶ್ನೆ: ಅಡಿಕೆ ಹಾಳೆ ತಟ್ಟೆ ಘಟಕಕ್ಕೆ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಅರ್ಜಿ ಹಾಕಬೇಕು. ಏಜೆಂಟ್ ಒಬ್ಬರು 20 ಸಾವಿರ ಕೊಟ್ಟರೆ ಮೂರೂವರೆ ಲಕ್ಷ ಸಬ್ಸಿಡಿ ‘ಕೈಗೆ’ ಕೊಡಿಸುತ್ತಾರಂತೆ. ನಿಜವೇ?
— ಸಾಗರದ ಯುವತಿ, 23 ವರ್ಷ

ಉತ್ತರ: ಮೂರೂವರೆ ಲಕ್ಷ ನಿಜ, ‘ಕೈಗೆ’ ಸುಳ್ಳು, 20 ಸಾವಿರ ದಂಡ.

ಗ್ರಾಮೀಣ ಪ್ರದೇಶದಲ್ಲಿ ಮಹಿಳೆಯರಿಗೆ ಈ ಯೋಜನೆಯಲ್ಲಿ ಶೇ 35 ಸಹಾಯಧನ, ಸ್ವಂತ ಪಾಲು ಶೇ 5. ನಗರದ ವ್ಯಾಪ್ತಿಯಲ್ಲಾದರೆ ಶೇ 25. 10 ಲಕ್ಷದ ಯೋಜನೆಗೆ ನೀವು 50 ಸಾವಿರ ಹಾಕುತ್ತೀರಿ, ಬ್ಯಾಂಕು ಒಂಬತ್ತೂವರೆ ಲಕ್ಷ ಸಾಲ ಕೊಡುತ್ತದೆ. ಆಮೇಲೆ ಬರುವ ಮೂರೂವರೆ ಲಕ್ಷ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಬ್ಯಾಂಕಿನಲ್ಲೇ ಕೂರುತ್ತದೆ. ಅದಕ್ಕೆ ಬಡ್ಡಿ ಇಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷದ ಬಳಿಕ ಸ್ಥಳ ಪರಿಶೀಲನೆ ಮಾಡಿ, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ವಜಾ ಹಾಕುತ್ತಾರೆ. ಘಟಕ ಮುಚ್ಚಿದ್ದರೆ ಹಣ ಸರ್ಕಾರಕ್ಕೆ ವಾಪಸ್, ಸಾಲ ಪೂರ್ತಿ ನಿಮ್ಮ ತಲೆಯ ಮೇಲೆ.

ಅರ್ಜಿ ಆನ್‌ಲೈನ್, ಶುಲ್ಕವಿಲ್ಲ. ಖಾದಿ ಆಯೋಗದ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ಯೋಜನಾ ವರದಿ, ಜಾತಿ ಪ್ರಮಾಣಪತ್ರವಿದ್ದರೆ ಅದು, ಗ್ರಾಮೀಣ ಪ್ರದೇಶದ ದೃಢೀಕರಣ ಹಾಕಬೇಕು. ತಯಾರಿಕಾ ಘಟಕ 10 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ತಿದ್ದಿಕೊಡಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಿಬ್ಬಂದಿ ಇದ್ದಾರೆ. ಅರ್ಜಿ ಹಾಕುವ ಮೊದಲೇ ಬ್ಯಾಂಕ್ ಮ್ಯಾನೇಜರನ್ನು ಕಂಡು ಯೋಜನೆ ಹೇಳಿ. ನೀವು ನಮೂದಿಸಿದ ಶಾಖೆಗೆ ನಿಮ್ಮ ಊರು ಬರುತ್ತದೆಯೇ ಎಂಬ ಸಣ್ಣ ವಿಷಯಕ್ಕೇ ಎಷ್ಟೋ ಅರ್ಜಿ ತಿಂಗಳುಗಟ್ಟಲೆ ಕೂರುತ್ತವೆ.

ಏಜೆಂಟರು ಮಾಡುವ ಮುಖ್ಯ ‘ಉಪಕಾರ’ ಉಬ್ಬಿಸಿದ ಕೊಟೇಶನ್. ಆರು ಲಕ್ಷದ ಯಂತ್ರಕ್ಕೆ ಹತ್ತು ಲಕ್ಷದ ಬಿಲ್ಲು, ಉಳಿದದ್ದು ಹಂಚಿಕೆ. ಸಾಲ ಹತ್ತರ ಲೆಕ್ಕದಲ್ಲಿ, ದುಡಿಮೆ ಆರರ ಲೆಕ್ಕದಲ್ಲಿ. ಸಹಾಯಧನ ಕಳೆದು ಬಡ್ಡಿ ಬೀಳುವ ಆರು ಲಕ್ಷ ಸಾಲಕ್ಕೆ ಶೇ 11ರಂತೆ ಐದು ವರ್ಷಕ್ಕೇ ತಿಂಗಳ ಕಂತು 13 ಸಾವಿರ ಬರುತ್ತದೆ. ಸುಳ್ಳು ಬಿಲ್ಲಿನ ಸಾಲವನ್ನು ಹೊತ್ತು ತಟ್ಟೆ ಮಾರಿ ತೀರಿಸುವುದು ಆಗದ ಮಾತು.

ಹಾಳೆ ಸಿಗುವುದು ಬೇಸಗೆಯ ತಿಂಗಳುಗಳಲ್ಲಿ. ಮಳೆಗಾಲದ ಆರು ತಿಂಗಳಿಗೆ ಬೇಕಾದದ್ದನ್ನು ಆಗಲೇ ಕೊಂಡು, ಒಣಗಿಸಿ, ನೆಲಕ್ಕೆ ತಾಗದಂತೆ ಅಟ್ಟಣೆ ಹಾಕಿ ಒಟ್ಟಬೇಕು. ತೇವ ತಾಗಿದರೆ ಬೂಷ್ಟಿನ ಕಪ್ಪು ಚುಕ್ಕೆ ಬೀಳುತ್ತದೆ, ತಟ್ಟೆ ರಿಜೆಕ್ಟ್. ಗೋದಾಮಿನ ಜಾಗ ಯಂತ್ರದ ಜಾಗಕ್ಕಿಂತ ದೊಡ್ಡದಿರಲಿ. ರಫ್ತನ್ನೇ ನಂಬಿ ಲೆಕ್ಕ ಬರೆಯಬೇಡಿ. ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಅಡಿಕೆ ಹಾಳೆ ತಟ್ಟೆಗಳ ಸುರಕ್ಷತೆಯ ಬಗ್ಗೆಯೇ ತಕರಾರು ತೆಗೆದಿದೆ. ಸಾಗರ, ಸೊರಬ, ಶಿರಸಿಯ ಅಡುಗೆ ಕಂಟ್ರಾಕ್ಟರುಗಳಲ್ಲಿ ಐದು ಜನರಿಂದ ತಿಂಗಳಿಗೆ ಎಷ್ಟು ತಟ್ಟೆ, ಯಾವ ಅಳತೆ, ಯಾವ ದರ ಎಂದು ಬರೆಸಿಕೊಂಡು ಬನ್ನಿ. ಅದು ಯೋಜನಾ ವರದಿಯ ಜೊತೆಗಿದ್ದರೆ ಮ್ಯಾನೇಜರರ ಮುಖಭಾವವೇ ಬೇರೆ ಇರುತ್ತದೆ.

ಪ್ರಶ್ನೆ: ನಾವಿಬ್ಬರು ಹಾಸ್ಟೆಲ್ ಗೆಳೆಯರು. ತಲಾ 50–50 ಪಾಲಿನಲ್ಲಿ ಸೋಲಾರ್ ಅಳವಡಿಕೆ ಶುರು ಮಾಡಿದ್ದೇವೆ. ಕಾಗದ ಪತ್ರ ಏನೂ ಇಲ್ಲ. ನಂಬಿಕೆ ಇದೆ.
— ಪುತ್ತೂರು

ಉತ್ತರ: ನಂಬಿಕೆ ಇರುವಾಗಲೇ ಕಾಗದ ಮಾಡಬೇಕು, ಹೋದ ಮೇಲೆ ಯಾರೂ ಸಹಿ ಹಾಕುವುದಿಲ್ಲ. ಕಾಗದವಿಲ್ಲದಿದ್ದರೂ ಕಾನೂನಿನ ಕಣ್ಣಿಗೆ ನೀವು ಪಾಲುದಾರರೇ. ಗೆಳೆಯ ಸಂಸ್ಥೆಯ ಹೆಸರಲ್ಲಿ ಪ್ಯಾನೆಲ್ ಉದ್ದರಿ ತಂದರೆ ಅದಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆ. ನೋಂದಣಿಯಾಗದ ಪಾಲುದಾರಿಕೆಗೆ ಇನ್ನೊಂದು ತೊಡಕು: 1932ರ ಕಾಯ್ದೆಯ 69ನೇ ಕಲಮಿನಂತೆ, ಹಣ ಕೊಡದ ಗ್ರಾಹಕನ ಮೇಲೆ ಸಂಸ್ಥೆಯ ಹೆಸರಲ್ಲಿ ಕರಾರಿನ ದಾವೆ ಹೂಡಲು ಬರುವುದಿಲ್ಲ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಂಡರೆ ಹೊಣೆ ಸೀಮಿತ. ಆದರೂ ಬ್ಯಾಂಕು ಸಾಲಕ್ಕೆ ನಿಮ್ಮಿಬ್ಬರ ವೈಯಕ್ತಿಕ ಜಾಮೀನು ಕೇಳುತ್ತದೆ, ಅಲ್ಲಿಗೆ ಆ ಸಾಲದ ಮಟ್ಟಿಗೆ ರಕ್ಷಣೆ ಮುಗಿಯಿತು.

ಪತ್ರದಲ್ಲಿ ಬರೆಯಬೇಕಾದದ್ದು ಲಾಭ ಹಂಚಿಕೆಗಿಂತ ಜಗಳದ ವಿಷಯಗಳು. ಒಬ್ಬನಿಗೆ ದುಬೈಯಲ್ಲಿ ಕೆಲಸ ಸಿಕ್ಕಿ ಹೋದರೆ ಪಾಲು ಏನಾಗುತ್ತದೆ? (ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ ಪಾಲು ಪಕ್ಕಾ ಆಗುವಂತೆ, ಮೊದಲ ವರ್ಷದೊಳಗೆ ಬಿಟ್ಟರೆ ಏನೂ ಇಲ್ಲದಂತೆ ಬರೆಯುವುದು ರೂಢಿ.) ಎಷ್ಟು ಮೊತ್ತದ ಮೇಲೆ ಇಬ್ಬರ ಸಹಿ ಬೇಕು? ಸಂಬಳ ಯಾರಿಗೆ ಎಷ್ಟು? 50–50ರಲ್ಲಿ ಮತ ಬೇರೆಯಾದರೆ ಯಾರ ಮಾತು ನಡೆಯಬೇಕು? ಖರೀದಿಯಲ್ಲಿ ಒಬ್ಬರ, ಅಳವಡಿಕೆಯಲ್ಲಿ ಇನ್ನೊಬ್ಬರ ಮಾತೇ ಅಂತಿಮ ಎಂದು ಬರೆದರೂ ಸಾಕು.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ವಾಣಿಜ್ಯ ಉಪನ್ಯಾಸಕ. ಪ್ರತಿವರ್ಷ ಬಿಸಿನೆಸ್ ಪ್ಲ್ಯಾನ್ ಸ್ಪರ್ಧೆ ನಡೆಸುತ್ತೇವೆ. ಗೆದ್ದವರು ಟ್ರೋಫಿ ಹಿಡಿದು ಫೋಟೊ ತೆಗೆಸಿಕೊಂಡು ಮರುದಿನ ಪಿಡಿಒ ಪರೀಕ್ಷೆಗೆ ಓದಲು ಕೂರುತ್ತಾರೆ. ಮಕ್ಕಳಿಗೆ ಧೈರ್ಯ ಬರಿಸುವುದು ಹೇಗೆ?
— ವಿಜಯಪುರ

ಉತ್ತರ: ಸ್ಲೈಡ್ ತೋರಿಸುವುದರಲ್ಲಿ ಅಪಾಯವೇ ಇಲ್ಲ, ಧೈರ್ಯ ಎಲ್ಲಿಂದ ಬರಬೇಕು? ಸ್ಪರ್ಧೆಯ ಬಜೆಟ್ಟನ್ನು ನಾಲ್ಕು ಜನರ ತಂಡಕ್ಕೆ 2,000 ರೂಪಾಯಿಯಂತೆ ಹಂಚಿ, ಮೂರು ವಾರ ಸಂತೆಯಲ್ಲಿ ವ್ಯಾಪಾರ ಮಾಡಿಸಿ. ಲಾಭ ಬಂದರೆ ಅಸಲು ಕಾಲೇಜಿಗೆ, ಲಾಭ ಅವರಿಗೆ. ನಷ್ಟವಾದರೆ ಮನ್ನಾ, ಆದರೆ ಲೆಕ್ಕ ಒಪ್ಪಿಸುವುದು ಕಡ್ಡಾಯ. ಕಾಲೇಜಿನೊಳಗೆ ಮಾರುವಂತಿಲ್ಲ, ನೆಂಟರಿಗೆ–ಮೇಷ್ಟ್ರಿಗೆ ಮಾರುವಂತಿಲ್ಲ, ಒಟ್ಟು ಉದ್ದರಿ 200 ದಾಟುವಂತಿಲ್ಲ. ಪುಸ್ತಕದಲ್ಲಿ ಕೊಂಡದ್ದು, ಮಾರಿದ್ದು, ಉಳಿದದ್ದು, ಬರಬೇಕಾದದ್ದು ಬರೆಯಲಿ. ಜೊತೆಗೆ ದುಡಿದ ಗಂಟೆಗಳನ್ನೂ ಬರೆಸಿ. 900 ರೂಪಾಯಿ ಲಾಭ ಎಂದು ಕುಣಿಯುವ ತಂಡ ಎಲ್ಲರದ್ದೂ ಸೇರಿ 60 ಗಂಟೆ ದುಡಿದಿದ್ದರೆ ತಾಸಿಗೆ 15 ರೂಪಾಯಿ ಬಿತ್ತು. ಈ ಒಂದು ಭಾಗಾಕಾರ ಬೋರ್ಡಿನ ಮೇಲೆ ಬಿದ್ದಾಗ ತರಗತಿ ಮೌನವಾಗುತ್ತದೆ. ಮೊದಲ ವಾರ ಎಲ್ಲ ತಂಡಗಳೂ ತಿಂಡಿ ಮಾಡುತ್ತವೆ, ಅರ್ಧ ಉಳಿಯುತ್ತದೆ. ಅಂಕ ಕೊಡುವಾಗ ಲಾಭ ನೋಡಬೇಡಿ, ಮೊದಲ ವಾರದ್ದು ನೋಡಿ ಎರಡನೇ ವಾರ ಏನು ಬದಲಿಸಿದರು ಎಂಬುದಕ್ಕೆ ಕೊಡಿ.

ಉದ್ಯಮಶೀಲತಾ ತರಬೇತಿಗಳಲ್ಲಿ ಹಿಂದಿನಿಂದ ಆಡಿಸುವ ರಿಂಗ್ ಎಸೆತವನ್ನೂ ಒಂದು ದಿನ ಆಡಿಸಿ. ಗೂಟ ನೆಟ್ಟು, ಅಡಿಗೊಂದರಂತೆ ಹತ್ತು ಗೆರೆ ಎಳೆಯಿರಿ. ದೂರದ ಗೆರೆಗೆ ಹೆಚ್ಚು ಅಂಕ. ನಾಲ್ಕು ರಿಂಗ್, ಮೂರು ಸುತ್ತು. ಎಸೆಯುವ ಮೊದಲು ಎಲ್ಲಿ ನಿಲ್ಲುತ್ತೇನೆ, ಎಷ್ಟು ರಿಂಗ್ ಗೂಟಕ್ಕೆ ಬೀಳಿಸುತ್ತೇನೆ ಎಂದು ಪ್ರತಿಯೊಬ್ಬರೂ ಹೇಳಬೇಕು. ಕೆಲವರು ಗೂಟದ ಪಕ್ಕವೇ ನಿಲ್ಲುತ್ತಾರೆ, ಕೆಲವರು ಚಪ್ಪಾಳೆಗಾಗಿ ಹತ್ತನೇ ಗೆರೆಗೆ ಹೋಗಿ ಒಂದನ್ನೂ ಬೀಳಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ ಗಮನಿಸಿದ್ದು ಸಾಧಿಸುವ ಹಂಬಲ ಇರುವವರು ನಡುವೆ ನಿಲ್ಲುತ್ತಾರೆ ಎಂಬುದನ್ನು: ಕಷ್ಟವಿದೆ, ಆದರೆ ಕೈಗೆ ಸಿಗುವಂಥದ್ದು. ಅವರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು ಪ್ರಯೋಗವನ್ನೂ ಮಾಡಿದ್ದರು. ಆಟಕ್ಕಿಂತ ಆಟದ ನಂತರದ ಪ್ರಶ್ನೆ ಮುಖ್ಯ. ‘ಎರಡನೇ ಸುತ್ತಿನಲ್ಲಿ ಗೆರೆ ಯಾಕೆ ಬದಲಿಸಿದೆ?’ ಎಂದು ಒಬ್ಬೊಬ್ಬರನ್ನೂ ಕೇಳಿ.

ಪದವಿ ಮುಗಿದವರನ್ನು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ಆರ್‌ಸೆಟಿಗೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟಿಯ ಮಾದರಿಯೇ ಇಂದು ದೇಶದ ಜಿಲ್ಲೆಗಳಲ್ಲಿರುವ ಆರ್‌ಸೆಟಿ. ಊಟ, ವಸತಿ, ತರಬೇತಿ ಉಚಿತ. ಪಿಡಿಒ ಪರೀಕ್ಷೆಗೆ ಓದುವವರನ್ನು ಮಾತ್ರ ಹಂಗಿಸಬೇಡಿ. ಮನೆಯಲ್ಲಿ ಒಂದು ಸಂಬಳ ಇದ್ದರೆ ಇನ್ನೊಬ್ಬರು ಧೈರ್ಯ ಮಾಡಲು ಆಗುತ್ತದೆ.

ಪ್ರಶ್ನೆ: ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ‘ಫೋನ್‌ಪೇ ಬೇಡ, ನಗದೇ ತಗೋ, ಇಲ್ಲದಿದ್ದರೆ ಜಿಎಸ್‌ಟಿ ನೋಟಿಸ್ ಬರುತ್ತೆ’ ಎನ್ನುತ್ತಾರೆ.
— ದಾವಣಗೆರೆ

ಉತ್ತರ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬೋರ್ಡುಗಳೆದ್ದವು. ಆ ಭಯ ಇನ್ನೂ ಹೋಗಿಲ್ಲ. ನಿಯಮ ಸರಳ: ವಸ್ತು ಮಾರಾಟ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ನೋಂದಣಿ. ಮಿತಿ ನೋಡುವಾಗ ನಗದೂ ಸೇರುತ್ತದೆ, ಲಾಭವಲ್ಲ, ಒಟ್ಟು ವಹಿವಾಟು. ಕೇಕ್ ಮಾರಿದರೆ ವಸ್ತು. ನಾಳೆ ಸಮಾರಂಭಗಳಿಗೆ ಊಟ ಒದಗಿಸಲು ಶುರು ಮಾಡಿದರೆ ಅದು ಸೇವೆ. ತಿಂಗಳಿಗೆ 50 ಸಾವಿರದ ವ್ಯಾಪಾರವಾದರೆ ನೀವು ಮಿತಿಯಿಂದ ಬಹು ದೂರ. ಹೊರರಾಜ್ಯಕ್ಕೆ ಕಳಿಸುವ ಮುನ್ನ ಮಾತ್ರ ಲೆಕ್ಕಪರಿಶೋಧಕರನ್ನು ಕೇಳಿ, ಅಲ್ಲಿ ಈ ಮಿತಿ ನಡೆಯುವುದಿಲ್ಲ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಳ್ಳಿ. ಚೀಟಿ ಹಣ, ಅಣ್ಣ ಕಳಿಸಿದ ಹಣ ಅದಕ್ಕೆ ಬರಬಾರದು. ಯುಪಿಐ ದಾಖಲೆಯೇ ನಾಳೆ ಓವನ್ ಕೊಳ್ಳಲು ಸಾಲ ಕೇಳಿದಾಗ ನಿಮ್ಮ ಆದಾಯದ ಪುರಾವೆ.

ಪ್ರಶ್ನೆ: ಮೊಬೈಲ್ ಬಿಡಿಭಾಗಗಳ ಅಂಗಡಿ ನಡೆಯಲಿಲ್ಲ. ಮುದ್ರಾ ಸಾಲ ನಾಲ್ಕು ಲಕ್ಷ, ಹೋಲ್‌ಸೇಲ್‌ನವರಿಗೆ ಒಂದೂವರೆ ಲಕ್ಷ, ಬಾಡಿಗೆ ಮೂರು ತಿಂಗಳು ಬಾಕಿ. ಮನೆಯಲ್ಲಿ ಹೇಳಿಲ್ಲ. ರಾತ್ರಿ ನಿದ್ದೆ ಇಲ್ಲ.
— ಕಲಬುರಗಿ

ಉತ್ತರ: ಇವತ್ತೇ ಮನೆಯಲ್ಲಿ ಹೇಳಿ. ಗುಟ್ಟಾಗಿರುವವರೆಗೆ ನೀವು ಹೊಸ ಸಾಲ ತಂದು ಹಳೆಯದನ್ನು ಮುಚ್ಚಲು ನೋಡುತ್ತೀರಿ, ನಷ್ಟ ದುಪ್ಪಟ್ಟಾಗುವುದು ಅಲ್ಲೇ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ಮೊಬೈಲ್ ಆ್ಯಪ್ ಸಾಲ ಇನ್ನೂ ಕೆಟ್ಟದ್ದು. ನಿದ್ದೆ ಬಾರದ ಸ್ಥಿತಿ ಮುಂದುವರಿದರೆ ಟೆಲಿ–ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲೆ ಒಂದು ಹಾಳೆಯಲ್ಲಿ ಯಾರಿಗೆ, ಎಷ್ಟು, ಚೆಕ್ ಕೊಟ್ಟಿದ್ದೀರಾ ಎಂದು ಬರೆಯಿರಿ. ಮೊದಲು ಮಾತಾಡಬೇಕಾದದ್ದು ಮುಂದಿನ ದಿನಾಂಕದ ಚೆಕ್ ಇಟ್ಟುಕೊಂಡ ಹೋಲ್‌ಸೇಲ್‌ನವರ ಜೊತೆ. ಚೆಕ್ ಬೌನ್ಸ್ ಆದರೆ ಅವರು 30 ದಿನದೊಳಗೆ ನೋಟಿಸ್ ಕಳಿಸಬಹುದು, ನಿಮಗೆ 15 ದಿನ ಸಿಗುತ್ತದೆ, ಆಮೇಲೆ ಕ್ರಿಮಿನಲ್ ದೂರು. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ದುಪ್ಪಟ್ಟು ದಂಡ, ಇಲ್ಲವೇ ಎರಡೂ ಆಗಬಹುದು. ಮಾಲು ವಾಪಸ್ ಕೊಟ್ಟು ವಜಾ ಮಾಡಿಸಿ, ಉಳಿದದ್ದಕ್ಕೆ ಕಂತು ಬರೆದುಕೊಟ್ಟು, ಹಳೆಯ ಚೆಕ್ಕುಗಳನ್ನು ಕೈಗೆ ವಾಪಸ್ ಪಡೆಯಿರಿ. ಬೇಗ ಮಾಡಿ. ಮೊಬೈಲ್ ಕವರ್, ಗ್ಲಾಸಿನ ಬೆಲೆ ಹೊಸ ಮಾಡೆಲ್ ಬಂದ ಹಾಗೆಲ್ಲ ಬೀಳುತ್ತದೆ. ಈ ತಿಂಗಳು ಅರ್ಧ ದರಕ್ಕೆ ಹೋಗುವುದು ಮುಂದಿನ ದೀಪಾವಳಿಗೆ ಕಸ.

ಬ್ಯಾಂಕಿಗೆ ಬಾಕಿ 90 ದಿನ ದಾಟುವ ಮೊದಲೇ ಹೋಗಿ. 90 ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲಿ ಉಳಿಯುವುದು ಕಡಿಮೆ. ಅವಧಿ ಹೆಚ್ಚಿಸಿ ಕಂತು ಇಳಿಸಲು ಬರಹದಲ್ಲಿ ಕೇಳಿ. ‘ಸೆಟಲ್‌ಮೆಂಟ್’ ಆಮಿಷಕ್ಕೆ ಬೇಗ ಒಪ್ಪಬೇಡಿ. ಕಡಿಮೆ ಕಟ್ಟಿ ಮುಗಿಸಿದರೆ ನಿಮ್ಮ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ, ಮುಂದಿನ ಸಾಲಕ್ಕೆ ಅದು ಕಲೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೀರಿದರೆ ಸಮಯ ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ.

ಅಂಗಡಿ ಮಾಲೀಕರ ಬಳಿ ಅಡ್ವಾನ್ಸ್ ಇದ್ದರೆ ಬಾಡಿಗೆ ಅದರಲ್ಲೇ ಮುರಿದುಕೊಳ್ಳಲಿ, ಕೀ ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ಜಿಎಸ್‌ಟಿ ನೋಂದಣಿ ಇದ್ದರೆ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್–10 ಎಂಬ ಕೊನೆಯ ರಿಟರ್ನ್ ಸಲ್ಲಿಸಿ. ಶಟರ್ ಎಳೆದು ಸುಮ್ಮನಾದವರಿಗೆ ವಹಿವಾಟೇ ಇಲ್ಲದ ತಿಂಗಳುಗಳಿಗೂ ತಡಶುಲ್ಕ ಬೆಳೆಯುತ್ತಾ ಹೋಗುತ್ತದೆ. ಕೆಲಸ ಹುಡುಕುವಾಗ ಅಂಗಡಿ ನಡೆಸಿದ್ದನ್ನು ಮುಚ್ಚಿಡಬೇಡಿ. ಖರೀದಿ, ಸ್ಟಾಕ್, ಉದ್ದರಿ ವಸೂಲಿ ಬಲ್ಲವರನ್ನು ಡಿಸ್ಟ್ರಿಬ್ಯೂಟರುಗಳು ಹುಡುಕುತ್ತಲೇ ಇರುತ್ತಾರೆ.

ಪ್ರಶ್ನೆ: ಐದು ಲಕ್ಷ ಕಟ್ಟಿದರೆ ಟೀ ಫ್ರಾಂಚೈಸಿ, ತಿಂಗಳಿಗೆ 60 ಸಾವಿರ ಲಾಭ ಗ್ಯಾರಂಟಿ ಎನ್ನುತ್ತಿದ್ದಾರೆ. ಸೇರಬಹುದೇ?
— ತುಮಕೂರು

ಉತ್ತರ: 15 ರೂಪಾಯಿಯ ಟೀಯಲ್ಲಿ ಹಾಲು, ಸಕ್ಕರೆ, ಪುಡಿ, ಲೋಟ ಕಳೆದು 8 ಉಳಿಯಿತೆನ್ನಿ. ಬಾಡಿಗೆ, ಇಬ್ಬರ ಸಂಬಳ, ಗ್ಯಾಸಿಗೆ 45 ಸಾವಿರ. ಅದರ ಮೇಲೆ 60 ಸಾವಿರ ಉಳಿಯಲು ದಿನಕ್ಕೆ ಸುಮಾರು 440 ಟೀ ಹೋಗಬೇಕು, ತಿಂಗಳಲ್ಲಿ ಒಂದು ದಿನವೂ ರಜೆಯಿಲ್ಲದೆ. ಅವರು ತೋರಿಸುವ ಜಾಗದ ಪಕ್ಕದ ಟೀ ಅಂಗಡಿ ಮುಂದೆ ಒಂದು ಸೋಮವಾರ, ಒಂದು ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಎಣಿಸಿ. ಈಗಾಗಲೇ ಫ್ರಾಂಚೈಸಿ ಪಡೆದ ಮೂವರ ಜಿಎಸ್‌ಟಿ ರಿಟರ್ನ್ ತೋರಿಸಿ ಎಂದು ಕೇಳಿ, ಅವರು ಆರಿಸಿಕೊಟ್ಟ ಮೂವರದ್ದಲ್ಲ, ನೀವೇ ಹುಡುಕಿದ ಮೂವರದ್ದು. ಲಾಭ ಗ್ಯಾರಂಟಿ ಎಂದ ಕಂಪನಿ ಆ ಗ್ಯಾರಂಟಿಯನ್ನು ಛಾಪಾ ಕಾಗದದ ಮೇಲೆ ಬರೆದುಕೊಡುತ್ತದೆಯೇ ಎಂದೂ ಕೇಳಿ. ಅಲ್ಲಿಯವರೆಗೆ ಬುಕಿಂಗ್ ಹೆಸರಲ್ಲಿ ಹತ್ತು ಸಾವಿರವನ್ನೂ ಕಳಿಸಬೇಡಿ.